ಗುರುಗೃಹವೂ ವಿಶ್ವವಿದ್ಯಾಲಯವೂ: ಶ್ರೀಮತಿ ಗಂಗೂಬಾಯಿ ಹಾನಗಲ್ಲರ ಗಾನವಿದ್ಯೆ

ಸಂಗೀತವನ್ನು ವಿಶ್ವವಿದ್ಯಾಲಯದಲ್ಲಿ ಬೋಧಿಸಬಹುದೇ ಎಂಬ ಪ್ರಶ್ನೆಯು ವಿದ್ವಾಂಸರಲ್ಲಿ ಬಹುಕಾಲದಿಂದ ಚರ್ಚಿತವಾಗಿದೆ. ಗುರುಮುಖದಿಂದಲ್ಲದೆ ಬಾರದ ವಿದ್ಯೆಗೆ ಪಠ್ಯಕ್ರಮವೂ ಪರೀಕ್ಷೆಯೂ ಒಗ್ಗವೆಂದು ಕೆಲವರ ಮತ; ಅವಿಲ್ಲದಿದ್ದರೆ ವಿದ್ಯೆಯು ಕೆಲವೇ ಮನೆತನಗಳ ಸೊತ್ತಾಗಿ ಉಳಿಯುವುದೆಂದು ಇನ್ನು ಕೆಲವರ ಮತ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಗೌರವ ಪ್ರಾಧ್ಯಾಪಕರಾಗಿದ್ದ ಗಂಗೂಬಾಯಿಯವರ ಚರಿತ್ರೆಯು ಈ ವಿಷಯದಲ್ಲಿ ಪರಿಶೀಲನಾರ್ಹವಾದುದು. ಏಕೆಂದರೆ ಅವರ ಶಾಲಾಭ್ಯಾಸವು ಪ್ರಾಥಮಿಕ ತರಗತಿಗಳಲ್ಲಿಯೇ ಮುಗಿದಿತ್ತು.

ಅವರು 1913ನೆಯ ಇಸವಿ ಮಾರ್ಚ್ 5ರಂದು ಧಾರವಾಡದಲ್ಲಿ ಜನಿಸಿದರು. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಅಂದಿನ ಸಮಾಜವು ಗಾಯನವೃತ್ತಿಯ ಮನೆತನದ ಸ್ತ್ರೀಯರ ಹಾಡನ್ನು ಮೆಚ್ಚುತ್ತಿತ್ತಾದರೂ ಅವರಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸುತ್ತಿರಲಿಲ್ಲ. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಮಹಾತ್ಮ ಗಾಂಧಿಯವರ ಎದುರು ಹಾಡಿದ ಬಾಲಿಕೆಯ ಮನಸ್ಸಿನಲ್ಲಿಯೂ ಊಟದ ಪಂಕ್ತಿಯಲ್ಲಿ ತನ್ನನ್ನು ಹೇಗೆ ಕಾಣುವರೋ ಎಂಬ ಅಳುಕಿತ್ತು. ಮಗಳಿಗೆ ಹಿಂದುಸ್ತಾನೀ ಸಂಗೀತವನ್ನು ಕಲಿಸುವುದಕ್ಕಾಗಿ 1928ರಲ್ಲಿ ಕುಟುಂಬವು ಹುಬ್ಬಳ್ಳಿಗೆ ಬಂದಿತು. ಆ ಪದ್ಧತಿಗೆ ತನ್ನ ಪದ್ಧತಿಯು ಅಡ್ಡಿಯಾಗಬಾರದೆಂದು ತಾಯಿಯು ತನ್ನ ಗಾಯನವನ್ನೇ ನಿಲ್ಲಿಸಿದಳು. ವಿದ್ಯೆಯ ನಿಮಿತ್ತ ಮಾಡಿದ ಇಂತಹ ತ್ಯಾಗವು ವಿರಳ.

ಕಿನ್ನರಿವಾದಕ ಹುಲಗೂರು ಕೃಷ್ಣಾಚಾರ್ಯರಲ್ಲಿ ಸುಮಾರು ಒಂದು ವರ್ಷದ ಪಾಠದಲ್ಲಿಯೇ ಅರುವತ್ತು ಚೀಜುಗಳು ಬಂದವು. ಅನಂತರ ದತ್ತೋಪಂತ ದೇಸಾಯರಲ್ಲಿ ಕೆಲಕಾಲ ಶಿಕ್ಷಣವಾಯಿತು. ಕೊನೆಗೆ ದೊರೆತ ಗುರುಗಳು ಅಬ್ದುಲ್ ಕರೀಂ ಖಾನರ ಶಿಷ್ಯರೂ ಕಿರಾಣಾ ಘರಾಣೆಯ ಆಧಾರಸ್ತಂಭರೂ ಆದ ಕುಂದಗೋಳದ ಸವಾಯಿ ಗಂಧರ್ವರು (1886-1952). ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಇಲ್ಲಿ ಪಾಠದ ರೀತಿಯೇ ಬೇರೆ. ಒಂದೇ ಪಲುಕನ್ನು ಬಹುದಿನ ಹಾಡಿಸುವುದು, ಜಿಪುಣನು ಹಣವನ್ನು ಎಣಿಸಿ ವೆಚ್ಚಮಾಡುವಂತೆ ಸ್ವರವನ್ನು ಬಳಸಲು ಕಲಿಸುವುದು, ಇದೇ ಅಲ್ಲಿಯ ಕ್ರಮವಾಗಿತ್ತು. ಅರುವತ್ತು ಚೀಜುಗಳ ಸಂಗ್ರಹಕ್ಕೂ ಒಂದು ಸ್ವರದ ಸಾಧನೆಗೂ ಇರುವ ಅಂತರವು ಇದರಿಂದ ವೇದ್ಯವಾಗುವುದು.

1930ರ ದಶಕದ ಆದಿಯಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಟ ಅವರ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಸ್ತ್ರೀಕಂಠ. ಮುಂದೆ ಗಂಟಲಿನ ಚಿಕಿತ್ಸೆಯಾದ ಬಳಿಕ ಆ ಕಂಠವು ತಗ್ಗಿ, ಪುರುಷಕಂಠವೆಂದು ಭ್ರಮಿಸುವಷ್ಟು ಗಂಭೀರವಾಯಿತು. ಅಭ್ಯಾಸವಿಲ್ಲದೆಯೂ ರಾಗವನ್ನು ಪ್ರಕಾಶಪಡಿಸುವ ಧ್ವನಿಶಕ್ತಿಯನ್ನು ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ‘ಶಾರೀರ’ವೆಂದು ಕರೆದು, ಅದು ಶರೀರದೊಡನೆಯೇ ಹುಟ್ಟುವುದೆಂದಿದ್ದಾನೆ. ಗಂಗೂಬಾಯಿಯವರಲ್ಲಿ ಹುಟ್ಟಿನೊಡನೆ ಬಂದ ಧ್ವನಿಯು ಬದಲಾದರೂ ರಾಗಪ್ರಕಾಶನವು ಕುಗ್ಗಲಿಲ್ಲ. ತೋಡಿ, ಮಾರವಾ, ಶುದ್ಧಕಲ್ಯಾಣಗಳ ಅವರ ವಿಲಂಬಿತ ಆಲಾಪವು ಹೊಸ ಕಂಠದಲ್ಲಿಯೇ ಪ್ರಸಿದ್ಧವಾಯಿತು. ಶಾಸ್ತ್ರಕಾರನ ಲಕ್ಷಣವು ಇದರಿಂದ ಸುಳ್ಳಾಗುವುದಿಲ್ಲ. ಆದರೆ ಕಳೆದುಹೋದ ದೈವದತ್ತ ಸಂಪತ್ತಿನ ಸ್ಥಾನವನ್ನು ಅಭ್ಯಾಸವು ತುಂಬಬಲ್ಲುದೆಂಬ ಅಂಶವು ಅದಕ್ಕೆ ಪೂರಕವಾಗಿ ಸೇರುವುದು. ಕಂಠಶಿಕ್ಷಣಕ್ಕೆ ಎಡೆಯಿರುವುದೂ ಇಲ್ಲಿಯೇ. ಜನ್ಮದಿಂದ ಬಂದುದಷ್ಟೇ ಗಾನವಾಗಿದ್ದರೆ ಅಧ್ಯಾಪಕನಿಗೆ ಕೆಲಸವೇ ಇರುತ್ತಿರಲಿಲ್ಲ.

1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಇಂತಹ ಗಾಯಕಿಯನ್ನು ಪ್ರಾಧ್ಯಾಪಕಸ್ಥಾನಕ್ಕೆ ಕರೆದುದು ಪದವಿಗಿಂತ ವಿದ್ಯೆಯನ್ನು ಹಿರಿದೆಂದು ಎಣಿಸಿದ ಕಾರ್ಯ. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣಗಳು ಅವರಿಗೆ ಸಂದವು. 2009ರ ಜುಲೈ 21ರಂದು ಅವರು ದಿವಂಗತರಾದರು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯವು ಇಂದು ಅವರ ಹೆಸರನ್ನೇ ಧರಿಸಿದೆ.

ಆದುದರಿಂದ ಗುರುಗೃಹಕ್ಕೂ ವಿಶ್ವವಿದ್ಯಾಲಯಕ್ಕೂ ವಿರೋಧವನ್ನು ಕಲ್ಪಿಸುವುದು ಯುಕ್ತವಲ್ಲ. ಸ್ವರವನ್ನು ಕೊಡಬಲ್ಲವನು ಗುರು. ಕುಲವನ್ನು ಕೇಳದೆ ಬಾಗಿಲು ತೆರೆಯಬಲ್ಲುದು ವಿದ್ಯಾಸಂಸ್ಥೆ. ಕುಂದಗೋಳದ ತಾಳ್ಮೆಯು ತರಗತಿಯೊಳಗೆ ಉಳಿದರೆ ಮಾತ್ರ ಎರಡನೆಯದು ಸಾರ್ಥಕವಾಗುವುದು.