ಸೀಸದ ಕೋಶದ ಪೂರ್ವವೃತ್ತಾಂತ

ನಾಗಪುರದ ಸಮೀಪದ ಖಾಪರಖೇಡಾದಲ್ಲಿ 210 ಮೆಗಾವಾಟಿನ ನಾಲ್ಕು ಘಟಕಗಳೂ 500 ಮೆಗಾವಾಟಿನ ಒಂದು ಘಟಕವೂ ಕಲ್ಲಿದ್ದಲನ್ನು ದಹಿಸಿ ವಿದ್ಯುತ್ತನ್ನು ಉತ್ಪಾದಿಸುವುವಾದರೂ, ಇಂಥ ಸ್ಥಾವರಗಳು ಸಂಕಟಕಾಲದಲ್ಲಿ ನಂಬುವುದು ಬ್ಯಾಟರಿಯನ್ನೇ. ಉಳಿದೆಲ್ಲ ವಿದ್ಯುತ್ತು ನಿಂತಾಗ ಟರ್ಬೈನಿನ ಬೇರಿಂಗುಗಳಿಗೆ ಎಣ್ಣೆಯೂಡುವ ತುರ್ತು ಪಂಪು ನಡೆಯುವುದು ಅದರ ಬಲದಿಂದ.

ಸೀಸದಿಂದಾದ ಇಂಥ ಬ್ಯಾಟರಿಯ ಕಥೆ ಆರಂಭವಾಗುವುದು ಹೀಗೆ: 1859ರಲ್ಲಿ ಫ್ರಾನ್ಸಿನ ಗಾಸ್ತೊಂ ಪ್ಲಾಂತೆ ಎಂಬಾತನು ಎರಡು ಸೀಸದ ತಗಡುಗಳ ನಡುವೆ ಬಟ್ಟೆಯನ್ನಿರಿಸಿ, ಸುರುಳಿ ಸುತ್ತಿ, ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿಸಿ, ಬರಿದಾದ ಮೇಲೂ ಮರಳಿ ತುಂಬಬಹುದಾದ ಕೋಶವನ್ನು ನಿರ್ಮಿಸಿದನು. 1881ರಲ್ಲಿ ಫೋರ್ ಎಂಬವನು ತಗಡಿಗೆ ಸೀಸದ ಆಕ್ಸೈಡನ್ನು ಲೇಪಿಸಿ ಕೋಶದ ಧಾರಣಶಕ್ತಿಯನ್ನು ವರ್ಧಿಸಿದನು. 1899ರಲ್ಲಿ ಜೆನಾಟ್ಸಿ ಎಂಬವನ ವಾಹನವು ಗಂಟೆಗೆ 100 ಕಿ.ಮೀ. ವೇಗವನ್ನು ಮೀರಿದ್ದು, ಪೆಟ್ರೋಲಿನ ಅಭಿಮಾನಿಗಳಿಗೆ ಅಪ್ರಿಯವೆನಿಸಿದರೂ, ಇಂಥ ಕೋಶಗಳ ವಿದ್ಯುತ್ತಿನಿಂದಲೇ.

ಇಂದು ಮನೆಯಲ್ಲಿಯೇ ಭಾರವಾದ ರೋಬೋಟನ್ನು ಕಟ್ಟಹೊರಡುವ ತರುಣರು ಸೀಸದ ಕೋಶಗಳಿಂದಲೇ ಆದ ಕಾರಿನ ಬ್ಯಾಟರಿಗೆ ಮರುಳಾಗುವುದುಂಟು. ಆದರೆ ಎಂಜಿನನ್ನು ಚಾಲೂ ಮಾಡಲು ಕ್ಷಣಕಾಲ ಪ್ರಬಲ ಪ್ರವಾಹವನ್ನೀಯುವ ಅದರ ತೆಳುವಾದ ತಗಡುಗಳು ಪದೇ ಪದೇ ಬರಿದಾಗುವುದನ್ನು ಸಹಿಸಲಾರವು. ಇ-ರಿಕ್ಷಾದ ಸೀಸದ ಬ್ಯಾಟರಿಯಾದರೋ ದಪ್ಪ ತಗಡಿನದು, ಅದನ್ನು ಸಹಿಸಬಲ್ಲುದು. ಲಿಥಿಯಂ ಬ್ಯಾಟರಿ ಹಗುರವೇನೋ ಹೌದು, ಬೆಲೆ ಹೆಚ್ಚು. ಚಕ್ರದ ಮೇಲೆ ನಿಧಾನವಾಗಿ ಚಲಿಸುವ ಯಂತ್ರಕ್ಕೆ, ತಳದಲ್ಲಿ ಕುಳಿತು ಅದನ್ನು ಮಗುಚದಂತೆ ಹಿಡಿಯುವ ಸೀಸವೇ ನನ್ನ ಮತದಲ್ಲಿ ಯೋಗ್ಯತರವಾದುದು.