ದೋಣಿ ಇನ್ನೂ ಬಂದಿಲ್ಲ

ಶರಾವತಿ ಹಿನ್ನೀರಿನ ದಡದಲ್ಲಿ ಎದೆ ಝಲ್ಲೆನಿಸುವ ಮಾತು ಯಾವುದು ಗೊತ್ತಾ? "ದೋಣಿ ಇನ್ನೂ ಬಂದಿಲ್ಲ."

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಗದ್ದೆ, ತೋಟ, ಮನೆಗಳ ಜೊತೆ 1948ರ ಹಿರೇಭಾಸ್ಕರ ಅಣೆಕಟ್ಟೂ ನೀರಿನಡಿ ಸೇರಿತು. ನಾಡಿಗೆ ಕರೆಂಟು ಬಂತು. ತುಮರಿ ಕಡೆಯವರಿಗೆ ಸಾಗರದ ನೇರ ದಾರಿಯೇ ಇಲ್ಲವಾಯಿತು. ಸೇತುವೆ ಆಗುವವರೆಗೆ ಹೊಳೆಬಾಗಿಲಿನ ಲಾಂಚೇ ಗತಿಯಾಗಿತ್ತು. ಸಂಜೆ ಕೊನೇ ಟ್ರಿಪ್ ತಪ್ಪಿದರೆ ಬೆಳಗಿನವರೆಗೆ ಕಾಯಬೇಕಿತ್ತು.

ಬ್ರಿಟನ್ನಿನಲ್ಲಿ ಸಮುದ್ರದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಲು 1824ರಲ್ಲೇ ಒಂದು ಸಂಸ್ಥೆ ಹುಟ್ಟಿತು. ಅದರ ದೋಣಿಗಳಲ್ಲಿ ಹೋಗುವವರು ಬಹುಪಾಲು ಸ್ವಯಂಸೇವಕರು. ನಮ್ಮ ಹಿನ್ನೀರಿಗೆ ಅಂಥದ್ದು ಬರಲಿಲ್ಲ. ಅಗ್ನಿಶಾಮಕದವರು ದೂರದ ಪೇಟೆಯಿಂದ ಬರಬೇಕು. ಅಲ್ಲಿಯವರೆಗೆ ಟಾರ್ಚು ಹಿಡಿದು ನೀರಿಗಿಳಿಯುವವರು ಊರಿನವರೇ, ಮೀನು ಹಿಡಿಯುವವರೇ.

ಆದರೆ ಕತ್ತಲಲ್ಲಿ ಹುಡುಕುವುದೆಲ್ಲಿ? ಮುಳುಗಿದ ಗುಡ್ಡಗಳ ನೆತ್ತಿಗಳೇ ಈಗ ನಡುಗಡ್ಡೆಗಳು. ಅದರ ಮರೆಯಲ್ಲಿ ನಿಂತವರ ಬೆಳಕು ಈಚೆ ಕಾಣದು. ನೀರು ಇಳಿದಾಗಲಂತೂ ಹಳೇ ಕಾಡಿನ ಬೊಡ್ಡೆಗಳು ತಲೆಯೆತ್ತುತ್ತವೆ. ಹುಡುಕಲು ಹೋದ ದೋಣಿಯೇ ಅದಕ್ಕೆ ಬಡಿಯಬಹುದು.

2024ರ ನವೆಂಬರಿನಲ್ಲಿ ಕಳಸವಳ್ಳಿ ಹತ್ತಿರ ತೆಪ್ಪ ಮಗುಚಿ ಮೂವರು ಯುವಕರು ನೀರುಪಾಲಾದರು. 2025ರ ಜುಲೈ 14ರಂದು ಅಲ್ಲೇ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಯಿತು. ಅರವತ್ತು ವರ್ಷ ಕಾದ ಸೇತುವೆ! ಖುಷಿಯೇ. ಆದರೆ ಮೀನಿಗೆ ಹೋಗುವವನು, ನಡುಗಡ್ಡೆಗೆ ಹೋಗುವವನು ಸೇತುವೆ ಮೇಲೆ ಹೋಗುವುದಿಲ್ಲವಲ್ಲ.

ಹಿನ್ನೀರಿಗೆ ಹೋಗುವವರೇ, ಲೈಫ್ ಜಾಕೆಟ್ ಹಾಕಿ. ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ದಡದಲ್ಲೊಬ್ಬರಿಗೆ ಹೇಳಿ ಹೋಗಿ. ಹುಡುಕಲು ಬರುವವರಿಗೆ ಕತ್ತಲಲ್ಲಿ ದಿಕ್ಕು ತೋರಿಸುವುದು ಆ ಒಂದು ಮಾತೇ.