ಸೆಂಟ್ರಿಂಗ್ ಇಲ್ಲದೆ ಎದ್ದ ಗುಮ್ಮಟ

ಇಟಲಿಯ ಫ್ಲಾರೆನ್ಸ್‌ಗೆ ಹೋದವರೆಲ್ಲ ಸಾಂತಾ ಮರಿಯಾ ದೆಲ್ ಫಿಯೋರೆ ಚರ್ಚಿನ ಕೆಂಪು ಗುಮ್ಮಟದ ಫೋಟೋ ತೆಗೆದುಕೊಳ್ಳುತ್ತಾರೆ. ಅದನ್ನು ಕಟ್ಟಿದವನು ಫಿಲಿಪ್ಪೊ ಬ್ರುನೆಲೆಸ್ಕಿ ಎಂದೂ ಕೇಳಿರುತ್ತಾರೆ. ಆದರೆ ಆ ಗುಮ್ಮಟವನ್ನು ಕಟ್ಟಲೇಬೇಕೆಂದು ಊರು ತೀರ್ಮಾನಿಸಿದಾಗ ಬ್ರುನೆಲೆಸ್ಕಿ ಇನ್ನೂ ಹುಟ್ಟಿರಲಿಲ್ಲ.

ಚರ್ಚಿನ ಅಡಿಗಲ್ಲು ಬಿದ್ದದ್ದು 1296ರಲ್ಲಿ. ಅರ್ನೋಲ್ಫೊ ದಿ ಕಾಂಬಿಯೊ ಶುರುಮಾಡಿದ ಕೆಲಸ ಅವನ ನಂತರ ಕುಂಟುತ್ತ ಸಾಗಿತು. 1348ರ ಪ್ಲೇಗು ಊರನ್ನೇ ಬರಿದು ಮಾಡಿತು. ಅದರಿಂದ ಚೇತರಿಸಿಕೊಂಡ ಜನ 1367ರಲ್ಲಿ ಒಂದು ಮಾದರಿಗೆ ಮತ ಹಾಕಿ ಒಪ್ಪಿಗೆ ಕೊಟ್ಟರು: ಎಂಟು ಮೂಲೆಯ, ಸುಮಾರು 45 ಮೀಟರ್ ಅಗಲದ ಗುಮ್ಮಟ, ಹೊರಗಿನಿಂದ ಒತ್ತುಕೊಡುವ ಆಸರೆ ಕಮಾನುಗಳಿಲ್ಲ. ಕಟ್ಟುವುದು ಹೇಗೆ? ಯಾರಿಗೂ ಗೊತ್ತಿರಲಿಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ, ಡಿಸೈನ್‌ಗೆ ಸಹಿ ಬಿದ್ದಿತ್ತು, ಡೆಲಿವರಿಯ ದಾರಿ ಇರಲಿಲ್ಲ.

ಗಾರೆ ಗಟ್ಟಿಯಾಗುವವರೆಗೆ ಕಮಾನಿಗೆ ಮರದ ಸೆಂಟ್ರಿಂಗ್ ಬೇಕು. ಅಷ್ಟು ಎತ್ತರಕ್ಕೆ, ಅಷ್ಟು ಅಗಲಕ್ಕೆ ಬೇಕಾದ ಮರ ಹೊಂದಿಸುವುದೇ ಅಸಾಧ್ಯವಾಗಿತ್ತು. ಕೆಲಸದ ಹೊಣೆ ಹೊತ್ತಿದ್ದ ಉಣ್ಣೆ ವ್ಯಾಪಾರಿಗಳ ಸಂಘ 1418ರಲ್ಲಿ ಸ್ಪರ್ಧೆ ಸಾರಿ, 200 ಚಿನ್ನದ ಫ್ಲೋರಿನ್ ಬಹುಮಾನ ಇಟ್ಟಿತು. ಸೆಂಟ್ರಿಂಗೇ ಬೇಡ ಎಂದವನು ಅಕ್ಕಸಾಲಿ ಕೆಲಸ ಕಲಿತಿದ್ದ ಬ್ರುನೆಲೆಸ್ಕಿ. ಸಂಘಕ್ಕೆ ಪೂರ್ತಿ ನಂಬಿಕೆ ಬರಲಿಲ್ಲ. ಅವನ ಪ್ರತಿಸ್ಪರ್ಧಿ ಗಿಬೆರ್ತಿಯನ್ನೂ ಜೊತೆಗೆ ನೇಮಿಸಿತು.

1420ರಲ್ಲಿ ಕೆಲಸ ಶುರುವಾಯಿತು. ಗುಮ್ಮಟ ಒಂದಲ್ಲ, ಒಂದರೊಳಗೊಂದು ಎರಡು. ಮಲಗಿಸಿದ ಇಟ್ಟಿಗೆಗಳ ನಡುವೆ ಅಲ್ಲಲ್ಲಿ ನಿಲ್ಲಿಸಿದ ಇಟ್ಟಿಗೆ. ಮೀನಿನ ಮುಳ್ಳಿನಂಥ ಈ ಜೋಡಣೆಯಿಂದ ಹಸಿ ಗಾರೆಯ ಸಾಲು ಒಳಕ್ಕೆ ಜಾರಲಿಲ್ಲ. ಗುಮ್ಮಟ ಹೊರಕ್ಕೆ ಬಿರಿಯದಂತೆ ಕಲ್ಲಿನ ಸರಪಳಿಗಳು ಒಳಗೇ ಸುತ್ತಿಕೊಂಡಿವೆ. ಭಾರ ಎತ್ತಲು ಅವನು ಮಾಡಿದ ಯಂತ್ರವನ್ನು ಎತ್ತುಗಳು ತಿರುಗಿಸುತ್ತಿದ್ದವು. ಹಲ್ಲಿನ ಚಕ್ರ ಬದಲಿಸಿದರೆ ಸಾಕು, ಎತ್ತುಗಳ ನೊಗ ಬಿಚ್ಚಿ ತಿರುಗಿಸದೆಯೇ ಭಾರ ಕೆಳಗಿಳಿಯುತ್ತಿತ್ತು.

1436ರಲ್ಲಿ ಗುಮ್ಮಟ ಮುಗಿಯಿತು. ಮೇಲಿನ ಅಮೃತಶಿಲೆಯ ಶಿಖರವೂ ಬ್ರುನೆಲೆಸ್ಕಿಯದೇ ವಿನ್ಯಾಸ. ಅದರ ಕೆಲಸ ಆರಂಭವಾಗುತ್ತಿದ್ದಾಗಲೇ, 1446ರಲ್ಲಿ, ಅವನು ತೀರಿಕೊಂಡ. ಶಿಖರ ಪೂರ್ಣವಾದದ್ದು 1461ರಲ್ಲಿ. ಚರ್ಚಿನ ಈಗಿನ ಮುಂಭಾಗವಂತೂ 1887ರದು. ಆರಂಭಿಸಿದವರು ಮುಗಿದದ್ದನ್ನು ನೋಡಲಿಲ್ಲ, ಮುಗಿಸಿದವರು ಆರಂಭಿಸಿದವರನ್ನು ಕಂಡಿರಲಿಲ್ಲ. ಆದರೂ 1367ರ ಮಾತನ್ನು ಯಾರೂ ಕೈಬಿಡಲಿಲ್ಲ.

ಹೋದರೆ ಮೊದಲೇ ಸಮಯ ಕಾದಿರಿಸಿ 463 ಮೆಟ್ಟಿಲು ಹತ್ತಿ. ಮೇಲಿನ ನೋಟಕ್ಕೆ ಅವಸರ ಮಾಡಬೇಡಿ. ಕೊನೆಯ ಮೆಟ್ಟಿಲುಗಳು ಎರಡು ಗುಮ್ಮಟಗಳ ನಡುವಿನ ಕಿರಿದಾದ ಸಂದಿಯಲ್ಲಿ ಸಾಗುತ್ತವೆ. ಅಲ್ಲಿ ಗೋಡೆ ನೋಡಿ. ಹೆಸರು ಉಳಿಯದ ಗಾರೆ ಕೆಲಸದವರು ನಿಲ್ಲಿಸಿಟ್ಟ ಇಟ್ಟಿಗೆಗಳು ಇನ್ನೂ ಹಾಗೆಯೇ ನಿಂತಿವೆ.